ಕಿಂಗ್ಸ್ ಕ್ಯಾನ್ಯನ್‌ಗೆ ಟ್ರೈಲರ್: ಮೇಲಕ್ಕೆ ಎಳೀರಿ, ಕಣಿವೆಗೆ ಇಳಿಸಬೇಡಿ

ನೀವು ಕೇಳಿರೋದು ಇಷ್ಟು: ಜೂನ್ ಕೊನೆಗೆ ಸ್ಯಾನ್ ಹೊಸೆಯಿಂದ ಸ್ನೇಹಿತರೆಲ್ಲ ಸೇರಿ ಏಳು ಜನ, 21 ಅಡಿಯ ಬಾಡಿಗೆ ಟ್ರೈಲರ್ (ಕಾರಿನ ಹಿಂದೆ ಕಟ್ಟಿ ಎಳೆಯೋ, ಒಳಗೆ ಮಲಗೋಕೆ ಜಾಗವಿರೋ ಗಾಡಿ), 5,000 ಪೌಂಡ್ ಎಳೆಯೋ ಎಸ್‌ಯುವಿ, ಜೊತೆಗೆ ಇನ್ನೊಂದು ಕಾರು. ಕ್ಯಾಲಿಫೋರ್ನಿಯಾದ ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದ ಕಣಿವೆಯೊಳಗಿರೋ ಸೀಡರ್ ಗ್ರೋವ್‌ವರೆಗೂ ಎಳ್ಕೊಂಡು ಹೋಗಬಹುದಾ ಅಂತ.

ರಸ್ತೆಗೇನೂ ಅಭ್ಯಂತರವಿಲ್ಲ, ಟ್ರೈಲರ್‌ಗಳು ಹೋಗ್ತವೆ. ಆದರೆ ಮೊದಲ ಸಲ ಎಳೆಯೋರಿಗೆ ಬೇಡ. ಟ್ರೈಲರನ್ನ ಕಣಿವೆಗೂ ಮುಂಚೆ, ಮೇಲೆ ಸಿಗೋ ಗ್ರಾಂಟ್ ಗ್ರೋವ್‌ನಲ್ಲಿ ನಿಲ್ಲಿಸಿ, ಕಣಿವೆಗೆ ಬರೀ ಕಾರಲ್ಲಿ ಇಳಿದು ಸಂಜೆಗೆ ವಾಪಸ್ ಬನ್ನಿ. ಯಾಕೆ ಅಂದ್ರೆ, ಗ್ರಾಂಟ್ ಗ್ರೋವ್ ಇರೋದು ಸುಮಾರು 6,600 ಅಡಿ ಎತ್ತರದಲ್ಲಿ. ಅಲ್ಲಿಂದ 180ನೇ ಹೆದ್ದಾರಿ ಬಾಯ್ಡನ್ ಗುಹೆ ಹತ್ತಿರ ಮೂರು ಸಾವಿರ ಚಿಲ್ಲರೆ ಅಡಿಗೆ ಇಳಿದು, ನದಿ ಪಕ್ಕದಲ್ಲೇ ಮತ್ತೆ 4,600 ಅಡಿಗೆ ಹತ್ತಿ ಸೀಡರ್ ಗ್ರೋವ್ ಸೇರುತ್ತೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಮಧ್ಯೆ ತಿರುವಿನ ಮೇಲೆ ತಿರುವು. ಇಳಿದಷ್ಟನ್ನೂ ವಾಪಸ್ ಹತ್ತಬೇಕು, ಅದೂ ಜೂನ್ ಬಿಸಿಲಲ್ಲಿ.

ಇನ್ನು 5,000 ಪೌಂಡಿನ ವಿಷಯ. ಎಲ್ಲರೂ ಎಡವೋದು ಇಲ್ಲೇ. ಸ್ನೇಹಿತರ ಜೊತೆ ಹೋಗುವಾಗ ಮೊದಲು ಮುಗಿಯೋದು ಎಳೆಯೋ ಶಕ್ತಿಯಲ್ಲ, ಹೊರೋ ಶಕ್ತಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ-ಬಿಳಿ ಸ್ಟಿಕರ್ ಇರುತ್ತೆ: ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ. ಅದು 1,300 ಅಂತಿಟ್ಟುಕೊಳ್ಳಿ. ಟ್ರೈಲರ್ ತುಂಬಿದ ಮೇಲೆ 4,500 ಪೌಂಡ್ ಆದರೆ ಅದರಲ್ಲಿ 10ರಿಂದ 15 ಪ್ರತಿಶತ ಹಿಚ್ (ಟ್ರೈಲರ್ ಕಟ್ಟೋ ಕೊಂಡಿ) ಮೇಲೆ ಕೂರುತ್ತೆ, ಅಂದಾಜು 560. ಭಾರ ಹಂಚೋ ಹಿಚ್‌ನದೇ ಒಂದು 80. ಉಳಿದದ್ದು 660. ನಾಲ್ಕು ಜನ ದೊಡ್ಡವರು ಕೂತರೆ ಐಸ್ ಬಾಕ್ಸ್‌ಗೂ ಜಾಗವಿಲ್ಲ. ಹಾಗಾಗಿ ಎಸ್‌ಯುವಿಯಲ್ಲಿ ಮೂರೇ ಜನ, ಉಳಿದ ನಾಲ್ವರು, ಐಸ್ ಬಾಕ್ಸ್, ಕುರ್ಚಿಗಳು ಎಲ್ಲ ಎರಡನೇ ಕಾರಿಗೆ. ಟ್ರೈಲರ್ ಒಳಗೆ ಯಾರನ್ನೂ ಕೂರಿಸೋ ಹಾಗಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬಾಹಿರ. ಬಾಡಿಗೆ ಜಾಹೀರಾತಲ್ಲಿ ಹಾಕಿರೋ ತೂಕ ಖಾಲಿ ಟ್ರೈಲರ್‌ದು. ಗ್ಯಾಸ್, ಬ್ಯಾಟರಿ, ಪಾತ್ರೆ, ಹಾಸಿಗೆ, ನೀರು ಸೇರಿ 800ರಿಂದ 1,000 ಪೌಂಡ್ ಆರಾಮಾಗಿ ಏರುತ್ತೆ.

ಎತ್ತಿನ ಗಾಡಿಗೆ ಹೊರೆ ಹೇರಿದವರಿಗೆ ಹಿಚ್ ಭಾರದ ಲೆಕ್ಕ ಹೊಸದಲ್ಲ. ಹಿಂಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತೆ. ಇಲ್ಲಿ ಮೂಕಿ ಏಳೋ ಬದಲು ಟ್ರೈಲರ್ ಬಾಲ ಆಡಿಸೋಕೆ ಶುರುಮಾಡುತ್ತೆ. ಭಾರದ ಸಾಮಾನು ಆ್ಯಕ್ಸಲ್ ಮೇಲೆ ಮತ್ತು ಸ್ವಲ್ಪ ಮುಂದೆ, ನೆಲಮಟ್ಟದಲ್ಲಿರಲಿ. ಸೈಕಲ್‌ಗಳನ್ನ ಹಿಂದಿನ ಬಂಪರ್‌ಗೆ ನೇತುಹಾಕೋದು ಬೇಡವೇ ಬೇಡ. 152ನೇ ರಸ್ತೆಯಲ್ಲಿ ಪಚೇಕೊ ಪಾಸ್ ದಾಟಿ ಸ್ಯಾನ್ ಲೂಯಿಸ್ ಜಲಾಶಯದ ಪಕ್ಕ ಬಂದಾಗ ಅಡ್ಡಗಾಳಿ ಜೋರು. ತೂಗಾಡೋಕೆ ಶುರುವಾದರೆ ಕಾರಿನ ಬ್ರೇಕ್ ತುಳೀಬೇಡಿ. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಬ್ರೇಕ್ ಕಂಟ್ರೋಲರ್‌ನ (ಡ್ರೈವರ್ ಕೈಗೆ ಸಿಗೋ, ಟ್ರೈಲರ್ ಬ್ರೇಕ್ ನಡೆಸೋ ಸಾಧನ) ಕೈ ಗುಂಡಿಯಿಂದ ಟ್ರೈಲರ್ ಬ್ರೇಕ್ ಮಾತ್ರ ಒತ್ತಿ. ಟ್ರೈಲರ್ ಎಳೆಯೋರಿಗೆ ರಾಜ್ಯದಲ್ಲೆಲ್ಲ ಮಿತಿ ಗಂಟೆಗೆ 55 ಮೈಲಿ, ಬಲಗಡೆ ಲೇನ್. 200 ಮೈಲಿ ಚಿಲ್ಲರೆಗೆ ಆರು ಗಂಟೆ ಇಟ್ಟುಕೊಳ್ಳಿ.

ಬ್ರೇಕ್ ಕಂಟ್ರೋಲರ್ ಹೊಂದಿಸೋದು ಬಾಡಿಗೆ ಕೊಡೋರ ಅಂಗಳದಲ್ಲೇ ಆಗಲಿ. ಖಾಲಿ ಜಾಗದಲ್ಲಿ 20-25 ಮೈಲಿ ವೇಗಕ್ಕೆ ಬಂದು ಕೈ ಗುಂಡಿ ಪೂರ್ತಿ ಒತ್ತಿ. ಟ್ರೈಲರ್ ಚಕ್ರ ಲಾಕ್ ಆಗಿ ಜಾರಿದರೆ ಗೇನ್ (ಟ್ರೈಲರ್ ಬ್ರೇಕಿನ ಬಲದ ಮಟ್ಟ) ಕಡಿಮೆ ಮಾಡಿ, ಹಿಂದಿಂದ ತಳ್ಳಿದ ಹಾಗಾದರೆ ಜಾಸ್ತಿ ಮಾಡಿ. ಲಾಕ್ ಆಗೋದಕ್ಕೆ ಒಂದು ಗೆರೆ ಕೆಳಗೆ ನಿಲ್ಲಿಸಿ. ಸರಪಳಿಗಳು ಹಿಚ್ ಕೆಳಗೆ ಅಡ್ಡಡ್ಡ ಕತ್ತರಿಯಾಗಿರಬೇಕು. ಟೈರಿನ ಗಾಳಿ ತಣ್ಣಗಿದ್ದಾಗಲೇ, ಟೈರ್ ಪಕ್ಕದಲ್ಲಿ ಅಚ್ಚಾಗಿರೋ ಸಂಖ್ಯೆಗೆ ತುಂಬಿಸಿ. ಅಲ್ಲೇ ನಾಲ್ಕಂಕಿಯ ತಯಾರಿ ಮುದ್ರೆ ಇರುತ್ತೆ; 2319 ಅಂದ್ರೆ 2019ರ 23ನೇ ವಾರ. ಆರು ವರ್ಷ ದಾಟಿದ್ದರೆ ಟೈರಿನ ಮೇಲಿನ ಅಚ್ಚು (ಟ್ರೆಡ್) ಎಷ್ಟೇ ಚೆನ್ನಾಗಿದ್ದರೂ ಬೇರೆ ಟ್ರೈಲರ್ ಕೇಳಿ. ಮೊದಲ 50 ಮೈಲಿಗೆ ನಿಂತು ಚಕ್ರದ ನಟ್‌ಗಳನ್ನ ಟಾರ್ಕ್ ವ್ರೆಂಚ್‌ನಿಂದ ಇನ್ನೊಮ್ಮೆ ನೋಡಿ.

ಗೂಗಲ್ ಮ್ಯಾಪ್ ಒಮ್ಮೊಮ್ಮೆ ತ್ರೀ ರಿವರ್ಸ್ ಕಡೆಯಿಂದ 198ನೇ ರಸ್ತೆ ತೋರಿಸುತ್ತೆ. ಹೋಗಬೇಡಿ. ಆ ಕಡೆ ಜನರಲ್ಸ್ ಹೆದ್ದಾರಿಯ ಹೇರ್‌ಪಿನ್ ತಿರುವುಗಳಿಗೆ 22 ಅಡಿಗಿಂತ ಉದ್ದದ ವಾಹನ ಬೇಡ ಅಂತ ಪಾರ್ಕೇ ಹೇಳುತ್ತೆ. ಫ್ರೆಸ್ನೊದಿಂದ 180 ಹಿಡೀರಿ. ಪಾರ್ಕ್ ಒಳಗೆ ಪೆಟ್ರೋಲ್ ಸಿಗಲ್ಲ, ಫ್ರೆಸ್ನೊದಲ್ಲೇ ಟ್ಯಾಂಕ್ ತುಂಬಿಸಿ. ಹತ್ತುವಾಗ ಟೋ ಮೋಡ್ (ಭಾರ ಎಳೆಯೋಕೆ ಕಾರಿನಲ್ಲಿರೋ ಸೆಟ್ಟಿಂಗ್), ಇಂಜಿನ್ ಬಿಸಿ ಮುಳ್ಳು ಏರಿದರೆ ಮೊದಲು ಎಸಿ ಆಫ್. ಹಿಂದೆ ಐದು ಗಾಡಿ ಸೇರಿದರೆ ಟರ್ನ್‌ಔಟ್‌ಗೆ (ರಸ್ತೆ ಬದಿಯಲ್ಲಿ ನಿಲ್ಲೋ ಜಾಗ) ತಿರುಗಿಸಿ ದಾರಿ ಬಿಡಬೇಕು. ಅದು ಸೌಜನ್ಯ ಮಾತ್ರವಲ್ಲ, ಕಾನೂನು.

ಕಣಿವೆಗೆ ಟ್ರೈಲರ್ ಇಳಿಸದಿದ್ದರೂ ವಾಪಸ್ ಬರುವಾಗ ಫ್ರೆಸ್ನೊವರೆಗೆ 6,000 ಅಡಿಗಿಂತ ಹೆಚ್ಚು ಇಳಿಯಲೇಬೇಕು. ಇಳಿಜಾರು ಶುರುವಾಗೋ ಮುಂಚೆಯೇ ಕೆಳ ಗೇರ್‌ಗೆ ಬನ್ನಿ. ಬ್ರೇಕ್ ಮೇಲೆ ಕಾಲು ಸವರಿಕೊಂಡೇ ಇರಬೇಡಿ: ವೇಗ 40 ಮೈಲಿ ಮುಟ್ಟಿದಾಗ ಗಟ್ಟಿಯಾಗಿ ಮೂರು ಸೆಕೆಂಡ್ ಒತ್ತಿ 35ಕ್ಕೆ ತಂದು ಪೂರ್ತಿ ಬಿಡಿ. ಮಧ್ಯೆ ಸಿಕ್ಕ ಕಡೆ ನಿಂತು ಅತಿಗೆಂಪು ಥರ್ಮಾಮೀಟರ್‌ನಲ್ಲಿ ಟ್ರೈಲರ್‌ನ ನಾಲ್ಕೂ ಹಬ್‌ಗಳ (ಚಕ್ರದ ನಡುಭಾಗ) ಬಿಸಿ ಅಳೆಯಿರಿ. ಮೂರು ಬಿಸಿ, ಒಂದು ತಣ್ಣಗೆ ಇದ್ದರೆ ಆ ಚಕ್ರದ ಬ್ರೇಕ್ ಕೆಲಸ ಮಾಡ್ತಿಲ್ಲ. ಒಂದೇ ಉಳಿದವಕ್ಕಿಂತ ವಿಪರೀತ ಬಿಸಿಯಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗ್ತಿದೆ. ಸುಟ್ಟ ವಾಸನೆ ಬಂದರೆ ಟರ್ನ್‌ಔಟ್‌ನಲ್ಲಿ ನಿಲ್ಲಿಸಿ, ಗೇರ್ ಪಾರ್ಕಿಗೆ ಹಾಕಿ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಅರ್ಧ ಗಂಟೆ ಬಿಡಿ. ನೀರು ಎರಚಬೇಡಿ, ಡ್ರಮ್ ಬಿರುಕು ಬಿಡುತ್ತೆ.

ಗ್ರಾಂಟ್ ಗ್ರೋವ್‌ನಲ್ಲಿ ಅಜೇಲಿಯ, ಸನ್‌ಸೆಟ್, ಕ್ರಿಸ್ಟಲ್ ಸ್ಪ್ರಿಂಗ್ಸ್ ಅಂತ ಮೂರು ಕ್ಯಾಂಪ್‌ಗ್ರೌಂಡ್‌ಗಳಿವೆ. ಒಂದು ಸೈಟಿಗೆ 6 ಜನರ ಮಿತಿ, ನೀವು 7. ಅಂದರೆ ಎರಡು ಸೈಟ್. ಬುಕ್ ಮಾಡುವಾಗ ಆ ಸೈಟಿನ ಟ್ರೈಲರ್ ಉದ್ದದ ಮಿತಿ ಓದಿ. 21 ಅಡಿ ಅಂತ ಬರೆದ ಟ್ರೈಲರ್ ಮುಂದಿನ ಎ-ಫ್ರೇಮ್ (ಹಿಚ್‌ಗೆ ಸೇರೋ ಚೌಕಟ್ಟು) ಸೇರಿ 24 ಅಡಿ ಇರಬಹುದು, ಟೇಪ್ ಹಿಡಿದು ಅಳೆಯಿರಿ. ರಿವರ್ಸ್ ತೆಗೆಯುವಾಗ ಸ್ಟಿಯರಿಂಗ್‌ನ ಕೆಳಭಾಗ ಹಿಡೀರಿ. ಟ್ರೈಲರ್ ಬಾಲ ಯಾವ ಕಡೆ ಹೋಗಬೇಕೋ ಕೈಯನ್ನ ಆ ಕಡೆಗೆ ಸರಿಸಿದರಾಯಿತು. ದಾರಿ ಹೇಳೋರು ಒಬ್ಬರೇ ಇರಲಿ. ನಾಲ್ಕು ಜನ ಕೂಗಿದರೆ ಎತ್ತು ಏರಿಗೆ, ಕೋಣ ನೀರಿಗೆ. ಮೊದಲು ಎಡ-ಬಲ ಸಮ ಮಾಡಿ, ಆಮೇಲೆ ಚಕ್ರಕ್ಕೆ ಅಡ್ಡಗಟ್ಟೆ, ಆಮೇಲೆ ಹಿಚ್ ಬಿಡಿಸಿ ಮುಂದಿನ ಜ್ಯಾಕ್‌ನಿಂದ ಹಿಂದೆ-ಮುಂದೆ ಸಮ ಮಾಡಿ. ಗ್ಯಾಸ್ ಫ್ರಿಜ್ ವಾರೆಯಾಗಿ ನಿಂತರೆ ತಣ್ಣಗಾಗಲ್ಲ.

ಕರೆಂಟ್, ನೀರಿನ ಸಂಪರ್ಕ ಯಾವ ಸೈಟಿಗೂ ಇಲ್ಲ. 100 ಆ್ಯಂಪ್-ಅವರ್ ಸೀಸದ ಬ್ಯಾಟರಿಯಲ್ಲಿ ಬಳಸೋಕೆ ಸಿಗೋದು 50. ಹೀಟರ್‌ನ ಫ್ಯಾನ್ ಏಳೆಂಟು ಆ್ಯಂಪ್ ಎಳೆಯುತ್ತೆ. ರಾತ್ರಿ ಒಟ್ಟು ಮೂರು ಗಂಟೆ ತಿರುಗಿದರೂ 20ಕ್ಕಿಂತ ಹೆಚ್ಚು ಹೋಯ್ತು. ಜೂನಲ್ಲೂ ರಾತ್ರಿ ಚಳಿ ಇರುತ್ತೆ, ರಗ್ಗು ಜಾಸ್ತಿ ತನ್ನಿ. ನೀರು ಗ್ಯಾಲನ್‌ಗೆ 8.3 ಪೌಂಡ್, ಕೆಳಗಿಂದ ಟ್ಯಾಂಕ್ ತುಂಬಿಸಿ ಹೊರಬೇಡಿ. ಕ್ಯಾಂಪಿನ ನಲ್ಲಿಯಿಂದ ಕ್ಯಾನಲ್ಲಿ ತಂದು ತುಂಬಿಸಿದರಾಯಿತು. ಕೊಳಚೆ ಟ್ಯಾಂಕ್ ಎಲ್ಲಿ ಖಾಲಿ ಮಾಡೋದು ಅಂತ ಬಾಡಿಗೆ ಕೊಡೋರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ.

ಅಡುಗೆಯೋರಿಗೆ: ಆ ಎತ್ತರದಲ್ಲಿ ನೀರು 93 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಕುದಿಯುತ್ತೆ, ತೆರೆದ ಪಾತ್ರೆಯಲ್ಲಿ ಬೇಳೆ ಬೇಯೋದು ಕಷ್ಟ. ಕುಕ್ಕರ್ ತನ್ನಿ, ಎರಡು ವಿಷಲ್ ಜಾಸ್ತಿ ಹಾಕಿಸಿ. ಒಗ್ಗರಣೆ ಹೊರಗೆ, ಒಳಗೆ ಮೆಣಸಿನಕಾಯಿ ಸಿಡಿದರೆ ಹೊಗೆ ಅಲಾರಂ ಕ್ಯಾಂಪನ್ನೇ ಎಬ್ಬಿಸುತ್ತೆ. ಚಿಪ್ಸ್ ಪೊಟ್ಟಣ ದಿಂಬಿನ ಹಾಗೆ ಉಬ್ಬಿರುತ್ತೆ, ಗಾಬರಿ ಬೇಡ. ತಿಂಡಿ, ಸೋಪು, ಟೂತ್‌ಪೇಸ್ಟ್ ಎಲ್ಲ ಸೈಟಿನ ಕಬ್ಬಿಣದ ಪೆಟ್ಟಿಗೆಗೆ. ಕಾರಲ್ಲಿ ಏನೂ ಬಿಡಬೇಡಿ, ಮಕ್ಕಳ ಸೀಟನ್ನೂ ತೆಗೆದಿಡಿ. ಬಿಸ್ಕತ್ತಿನ ಪುಡಿಯ ವಾಸನೆಗೆ ಕರಡಿ ಬಾಗಿಲು ಕೀಳುತ್ತೆ.

ಕಣಿವೆಗೆ ಬೆಳಿಗ್ಗೆ ಎಂಟಕ್ಕೆ ಮುಂಚೆ ಇಳಿಯಿರಿ. 180 ಸೀಡರ್ ಗ್ರೋವ್‌ವರೆಗೆ ತೆರೆದಿದೆಯಾ ಅಂತ ಹಿಂದಿನ ದಿನ ನೋಡಿ, 2023ರ ಪ್ರವಾಹದಲ್ಲಿ ತಿಂಗಳುಗಟ್ಟಲೆ ಮುಚ್ಚಿತ್ತು. ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಕೆಳಗೆ ಸಿಗ್ನಲ್ ನಂಬೋ ಹಾಗಿಲ್ಲ. ಗ್ರಿಜ್ಲಿ ಫಾಲ್ಸ್, ರೋರಿಂಗ್ ರಿವರ್ ಫಾಲ್ಸ್, ಜುಮ್‌ವಾಲ್ಟ್ ಮೆಡೊ, ರೋಡ್ಸ್ ಎಂಡ್ ಒಂದು ದಿನಕ್ಕೆ ಸಾಕು. ಮಿಸ್ಟ್ ಫಾಲ್ಸ್ ಹೋಗಿಬರೋಕೆ ಸುಮಾರು 8 ಮೈಲಿ, ಅದು ಬೇಕಿದ್ದರೆ ಇನ್ನೊಂದು ದಿನ. ಜೂನಲ್ಲಿ ಹಿಮ ಕರಗಿ ನದಿ ತುಂಬಿರುತ್ತೆ. ಬಂಡೆ ನುಣುಪು, ನೀರು ಕೊರೆಯುತ್ತೆ, ಸೆಳೆತ ಕಣ್ಣಿಗೆ ಕಾಣಲ್ಲ. ಕಾಲು ಅದ್ದೋಕೂ ಅಂಚಿಗೆ ಹೋಗೋದು ಬೇಡ.

ಬಾಗಿಲ ಸ್ಟಿಕರ್ ಮತ್ತು ಟ್ರೈಲರ್‌ನ ಎಡಬದಿಯ ತೂಕದ ಪಟ್ಟಿ ಎರಡರ ಫೋಟೋನೂ ಇಲ್ಲೇ ಹಾಕಿ, ಲೆಕ್ಕ ಹಾಕಿ ಹೇಳ್ತೀನಿ. ಬಾಡಿಗೆ ಮುಂಗಡ ಕಟ್ಟೋದು ಅದಾದ ಮೇಲೆ.