ಗ್ರೀಟಿಂಗ್ ಕಾರ್ಡಿನ ಖಾಲಿ ಬದಿಯಲ್ಲಿ ಏನು ಬರೆಯಲಿ?

ದೂರದ ಗೆಳತಿಯರಿಗೂ ಬಳಗದವರಿಗೂ ಹಬ್ಬಕ್ಕೆ ಕಾರ್ಡ್ ಕಳಿಸುವ ಆಸೆಯಿದೆ, ಆದರೆ ಪೆನ್ನು ಹಿಡಿದರೆ ‘ಹಾರ್ದಿಕ ಶುಭಾಶಯಗಳು’ ಎಂಬುದರ ಮುಂದೆ ಒಂದಕ್ಷರವೂ ಹೊರಡುವುದಿಲ್ಲ ಎಂದು ಕೇಳಿದ್ದೀರಿ. ಶುಭಾಶಯವನ್ನು ಅಚ್ಚು ಹಾಕಿದವರು ಆಗಲೇ ಬರೆದಿದ್ದಾರೆ. ನೀವು ಸುದ್ದಿ ಬರೆಯಿರಿ.

ನಮ್ಮ ಕಾಕಾ ವಿಜಯಪುರದ ಕಡೆ, ಡೋಣಿ ನದಿಯ ದಂಡೆಯ ಹಳ್ಳಿಯಲ್ಲಿದ್ದರು. ಬಾಗಲಕೋಟೆಯ ನಮ್ಮ ಮನೆಗೆ ಅವರ ಕಾರ್ಡು ಬರುತ್ತಿತ್ತು. ನೆತ್ತಿಯ ಮೇಲೆ ‘ಶ್ರೀ’, ಅದರ ಕೆಳಗೆ ‘ಉ.ಕು.ಸಾಂಪ್ರತ’. ಉಭಯ ಕುಶಲೋಪರಿ ಸಾಂಪ್ರತ ಎಂಬುದರ ಮೊಟಕು ರೂಪ ಅದು, ಎರಡೂ ಕಡೆಯ ಕ್ಷೇಮದ ಮಾತಾಯಿತು, ಇನ್ನು ಈಗಿನ ವಿಷಯ ಎಂದು. ಅರ್ಥ ತಿಳಿಯದೆಯೇ ನಾವೂ ಎಷ್ಟೋ ವರ್ಷ ಅದನ್ನು ಬರೆದಿದ್ದೇವೆ. ಒಂದು ಸಲ ಅದರ ಕೆಳಗೆ ಇದ್ದದ್ದು ಎರಡೇ ಶಬ್ದ: ‘ಡೋಣಿ ಹರಿಯಿತು.’ ಅಪ್ಪ ಅದನ್ನು ಎರಡು ಸಲ ಓದಿ, ಏನೂ ಹೇಳದೆ ಅವ್ವನ ಕೈಗೆ ಕೊಟ್ಟರು. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬುದು ಆ ಸೀಮೆಯ ಗಾದೆ. ಎರೆಭೂಮಿ ನೀರು ಕುಡಿದಿದೆ, ಹಿಂಗಾರಿ ಜೋಳಕ್ಕೆ ಚಿಂತೆಯಿಲ್ಲ, ಸೀತನಿ (ಸುಟ್ಟ ಹಸಿ ಜೋಳದ ಕಾಳು) ತಿನ್ನಲು ಬನ್ನಿರಿ ಎಂಬುದೆಲ್ಲ ಅದರೊಳಗೇ ಇತ್ತು. ಅಂದು ಸಂಜೆ ಅವ್ವ ಕಾರಣವಿಲ್ಲದೆ ಹೋಳಿಗೆ ಮಾಡಿದ್ದು ನೆನಪಿದೆ.

ಹಿರಿಯರಿಗೆ ಬರೆಯುವಾಗ ‘ತೀರ್ಥರೂಪು’, ‘ಸಾಷ್ಟಾಂಗ ನಮಸ್ಕಾರಗಳು’ ಇರಲಿ, ಅವರ ಕಣ್ಣು ಮೊದಲು ಹುಡುಕುವುದು ಅದನ್ನೇ. ಗೆಳತಿಗೆ ಅದೇನೂ ಬೇಡ, ನೇರ ವಿಷಯಕ್ಕೆ ಬನ್ನಿ. ಇನ್ನೊಂದು ಮಾತು: ಮೂಲೆ ಹರಿದ ಕಾರ್ಡನ್ನು ವಯಸ್ಸಾದವರಿಗೆ ಕಳಿಸಬೇಡಿ. ಸಾವಿನ ಸುದ್ದಿ ತಂದ ಕಾರ್ಡನ್ನು ಓದಿದ ಕೂಡಲೇ ಹರಿದುಹಾಕುತ್ತಿದ್ದ ಕಾಲದವರು ಅವರು. ಶುಭದ ಪತ್ರವಾದರೆ ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದು ಇನ್ನೂ ಬಿಟ್ಟಿಲ್ಲ.

ಸಂಕ್ರಾಂತಿಗೆ ಕಾರ್ಡಿನೊಳಗೆ ಒಂದು ಚಿಟಿಕೆ ಕುಸುರೆಳ್ಳು ಇಡುವ ರೂಢಿ ನಮ್ಮ ಮನೆಯಲ್ಲಿತ್ತು. ಶಾಲೆಯಲ್ಲಿದ್ದಾಗ ನಾನು ಚಿಟಿಕೆಯ ಬದಲು ಮುಷ್ಟಿ ತುಂಬಿ ಅತ್ತೆಗೆ ಕಳಿಸಿದೆ. ಮುದ್ರೆಯ ಏಟಿಗೆ ಪೊಟ್ಟಣ ಒಡೆದು ಅರ್ಧ ಪುಡಿಯಾಯಿತು. ಸಾಲದ್ದಕ್ಕೆ ತೂಕ ಹೆಚ್ಚಾಗಿ, ಕಡಿಮೆ ಬಿದ್ದ ಅಂಚೆ ವೆಚ್ಚದ ಎರಡರಷ್ಟನ್ನು ಅತ್ತೆಯೇ ಕೊಟ್ಟು ಬಿಡಿಸಿಕೊಂಡರು. ಮುಂದೆ ಎಷ್ಟೋ ಮದುವೆ ಮುಂಜಿವೆಗಳಲ್ಲಿ ನಾನು ಎದುರಾದರೆ ಅದೇ ಕಥೆ. 5 ರೂಪಾಯಿಯ ಪಾಕೀಟು ಹೊರುವುದು 20 ಗ್ರಾಂ ಮಾತ್ರ. ಅನುಮಾನವಿದ್ದರೆ ಅಂಚೆ ಕಚೇರಿಯಲ್ಲೇ ತೂಗಿಸಿ. ಇನ್‌ಲ್ಯಾಂಡ್ ಪತ್ರದೊಳಗೆ ಏನನ್ನೂ ಇಡುವಂತಿಲ್ಲ, ಹಾಗೆಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಬರಿ ಎರಡು ಸಾಲಿದ್ದರೆ 50 ಪೈಸೆಯ ಕಾರ್ಡು ಸಾಕು, ಆದರೆ ಅದನ್ನು ದಾರಿಯುದ್ದಕ್ಕೂ ಎಲ್ಲರೂ ಓದಬಹುದೆಂಬುದು ನೆನಪಿರಲಿ. ನಮ್ಮ ಓಣಿಗೆ ಬರುತ್ತಿದ್ದ ಪೋಸ್ಟ್‌ಮನ್ ಕಾರ್ಡು ಕೊಡುವ ಮೊದಲೇ ‘ಗಂಡು ಮಗುವಂತೆ’ ಎಂದುಬಿಡುತ್ತಿದ್ದರು.

ವಿಳಾಸದಲ್ಲಿ ಪಿನ್ ಕೋಡ್ ಬಿಡಬೇಡಿ. ನಮ್ಮ ಊರನ್ನೇ ನೋಡಿ: ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿ, ಜನರು ನವನಗರದ ಸೆಕ್ಟರುಗಳಿಗೆ ಹೋದರು. ಹಳೆಯ ಊರಿಗೆ 587101, ನವನಗರಕ್ಕೆ 587103. ಬರಿ ‘ಬಾಗಲಕೋಟೆ’ ಎಂದು ಬರೆದರೆ ನಿಮ್ಮ ಪತ್ರ ಎರಡು ಊರು ಸುತ್ತಬೇಕಾದೀತು.

ಹಬ್ಬಕ್ಕೆ ಎಂಟು ದಿನ ಮೊದಲೇ ಡಬ್ಬಿಗೆ ಹಾಕುವುದು ಒಳ್ಳೆಯದು. ದಸರೆಯ ಬನ್ನಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಬನ್ನಿ ಮುಡಿಯುವುದು ವಿಜಯದಶಮಿಯ ದಿನ, ‘ಬನ್ನಿ ತೆಗೆದುಕೊಂಡು ಬಂಗಾರದ ಹಾಗೆ ಇರೋಣ’ ಎಂದು ಊರವರಿಗೆಲ್ಲ ಕೊಟ್ಟ ಮೇಲೆ ಉಳಿದದ್ದೇ ದೂರದವರಿಗೆ. ಸಣ್ಣ ಎಲೆಗಳು ಕಡ್ಡಿಯಿಂದ ಕಳಚುತ್ತವೆ, ಆದ್ದರಿಂದ ಕಾಗದದಲ್ಲಿ ಮಡಚಿ ಇಡಬೇಕು. ಒಂದು ವರ್ಷ ಪುಣೆಯ ಗೆಳತಿಗೆ ಕಳಿಸಿದ್ದು ನರಕ ಚತುರ್ದಶಿಯ ದಿನ ಮುಟ್ಟಿತು. ಸಂಜೆ ಫೋನ್ ಮಾಡಿದಳು. “ಬಂಗಾರ ಬಂತು, ಎಲ್ಲ ಪುಡಿಯಾಗಿದೆ, ದೇವರ ಮುಂದೆ ಇಟ್ಟಿದ್ದೇನೆ” ಎಂದವಳು ಸ್ವಲ್ಪ ತಡೆದು, “ಓಣಿಯ ಬೇವಿನ ಗಿಡ ಕಡಿದರು ಎಂದು ಬರೆದಿದ್ದೀಯಲ್ಲ, ಯಾವುದು? ಪಂಚಮಿಗೆ ಜೋಕಾಲಿ ಕಟ್ಟುತ್ತಿದ್ದೆವಲ್ಲ, ಆ ಗಿಡವೇ?” ಎಂದು ಕೇಳಿದಳು.