ಬೆಳೆಸಿದ ಕೌಂಟಿ ಬಿಟ್ಟರೆ ದ್ರೋಹವೇ?

ಪ್ರಶ್ನೆ: ನಾವು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿದ್ದೇವೆ. ಮಗನಿಗೆ 18, ಆಫ್ ಸ್ಪಿನ್ನರ್. 11ನೇ ವಯಸ್ಸಿನಿಂದ ತಿದ್ದಿ ಬೆಳೆಸಿದ ಇಲ್ಲಿನ ಸಣ್ಣ ಕೌಂಟಿ (ಪ್ರಾಂತ್ಯದ ವೃತ್ತಿಪರ ಕ್ರಿಕೆಟ್ ತಂಡ) ಒಂದು ವರ್ಷದ ರೂಕಿ (ಹೊಸಬರ) ಕಾಂಟ್ರಾಕ್ಟ್ ಕೊಡುತ್ತೇನೆನ್ನುತ್ತಿದೆ. ಟೆಸ್ಟ್ ಮೈದಾನವಿರುವ ದೊಡ್ಡ ಕೌಂಟಿ ಎರಡು ವರ್ಷಕ್ಕೆ ಕರೆಯುತ್ತಿದೆ. "ಸಣ್ಣವು ಇವತ್ತೋ ನಾಳೆಯೋ ಬಾಗಿಲು ಹಾಕುತ್ತವೆ, ಹೋಗಲಿ" ಎನ್ನುತ್ತಾರೆ ನಮ್ಮ ಯಜಮಾನರು. ಮಗನಿಗೆ ಉಂಡ ಮನೆಗೆ ಎರಡು ಬಗೆದ ಹಾಗೆ ಅನ್ನಿಸುತ್ತಿದೆ. ಏನು ಮಾಡಲಿ?

ಉತ್ತರ: ದ್ರೋಹದ ಮಾತು ಬಿಡಿ. ಇಂಗ್ಲೆಂಡ್ ಪರ ಆಡಿದವರನ್ನೇ ನೋಡಿ: ಸ್ಟುವರ್ಟ್ ಬ್ರಾಡ್ ಲೆಸ್ಟರ್‌ಶೈರ್ ಬಿಟ್ಟು ನಾಟಿಂಗ್‌ಹ್ಯಾಮ್‌ಶೈರ್ ಸೇರಿದರು. ನಾರ್ಥಾಂಪ್ಟನ್‌ಶೈರ್‌ನ ಬೆನ್ ಡಕೆಟ್ ಕೂಡ ಅಲ್ಲಿಗೇ ಹೋದರು. ಡೇವಿಡ್ ವಿಲ್ಲಿ ಯಾರ್ಕ್‌ಶೈರ್‌ಗೆ ಹೋಗಿ ನಾರ್ಥಾಂಪ್ಟನ್‌ಶೈರ್‌ಗೆ ಮರಳಿಯೂ ಬಂದರು. ಹುಡುಗರನ್ನು ಬೆಳೆಸಿ ಬಿಟ್ಟುಕೊಡುವುದು ಸಣ್ಣ ಕೌಂಟಿಗಳಿಗೆ ರೂಢಿಯೇ ಆಗಿಹೋಗಿದೆ.

ಬಾಗಿಲು ಹಾಕುವ ಭಯವೂ ಸದ್ಯಕ್ಕೆ ಬೇಡ. ಟೆಸ್ಟ್ ಪಂದ್ಯದ ಗೇಟು ದುಡ್ಡಿಲ್ಲದವರು ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಹಂಚುವ ಹಣವನ್ನೇ ನಂಬಿಕೊಂಡಿರುತ್ತಾರೆ, ನಿಜ. ಆದರೆ ಹಂಡ್ರೆಡ್ (ಇನಿಂಗ್ಸ್‌ಗೆ ನೂರು ಎಸೆತದ ಲೀಗ್) ತಂಡಗಳ ಪಾಲು ಮಾರಿದ ಹಣದಲ್ಲಿ 18 ಕೌಂಟಿಗಳಿಗೂ ಭಾಗವಿದೆ. 2025ರಲ್ಲಿ ಲೆಸ್ಟರ್‌ಶೈರ್ ಕೌಂಟಿ ಚಾಂಪಿಯನ್‌ಶಿಪ್‌ನ ಎರಡನೇ ಡಿವಿಷನ್ ಗೆದ್ದು ಮೇಲೇರಿದ್ದನ್ನು ಯಜಮಾನರಿಗೆ ನೆನಪಿಸಿ.

ಲೆಕ್ಕ ಹಾಕಬೇಕಾದ್ದು ಓವರ್‌ಗಳನ್ನು. ನಾಲ್ಕು ದಿನದ ಆಟವಾದ ಈ ಚಾಂಪಿಯನ್‌ಶಿಪ್‌ನ 14 ಪಂದ್ಯಗಳಲ್ಲಿ ಹೆಚ್ಚಿನವು ಏಪ್ರಿಲ್, ಮೇ, ಸೆಪ್ಟೆಂಬರ್‌ನಲ್ಲಿ. ಪಿಚ್ ಹಸಿ, ಮೇಲೆ ಮೋಡ, ತಂಡದಲ್ಲಿ ನಾಲ್ವರು ಸೀಮರ್‌ಗಳು (ವೇಗದ ಬೌಲರ್‌ಗಳು). ಸ್ಪಿನ್ನರ್‌ಗೆ ಇರುವುದು ಒಂದೇ ಜಾಗ, ಅದೂ ಎಂಟನೇ ಕ್ರಮಾಂಕದಲ್ಲಿ 30 ರನ್ ಹೊಡೆಯುವವನಿಗೆ. 1995ರಲ್ಲಿ ಕುಂಬ್ಳೆ ನಾರ್ಥಾಂಪ್ಟನ್‌ಶೈರ್ ಪರ 105 ವಿಕೆಟ್ ಕಿತ್ತರು. ಆಗ ಆಗಸ್ಟ್‌ನ ಒಣ ಪಿಚ್‌ಗಳು ನಾಲ್ಕು ದಿನದ ಆಟಕ್ಕೆ ಸಿಗುತ್ತಿದ್ದವು. ಈಗ ಆಗಸ್ಟ್ ಹಂಡ್ರೆಡ್‌ನ ಪಾಲು.

ಇಲ್ಲೊಂದು ವಿಚಿತ್ರವಿದೆ. ಹಂಡ್ರೆಡ್‌ಗೆ ಹೆಚ್ಚು ಆಟಗಾರರು ಹೋಗುವುದು ದೊಡ್ಡ ಕೌಂಟಿಯಿಂದ. ಹಾಗಾಗಿ ಅದೇ ಹೊತ್ತಿಗೆ ಕೌಂಟಿಗಳು ಆಡುವ 50 ಓವರ್‌ಗಳ ಒನ್ ಡೇ ಕಪ್‌ನಲ್ಲಿ ಅಲ್ಲಿನ ಹುಡುಗರಿಗೆ ಅವಕಾಶ ತೆರೆಯುತ್ತದೆ. ಸೆಪ್ಟೆಂಬರ್‌ಗೆ ದೊಡ್ಡವರು ಮರಳಿದರೆ ಮತ್ತೆ ಎರಡನೇ ತಂಡ. ಸಣ್ಣ ಕೌಂಟಿಯಲ್ಲಿ ಆಟಗಾರರೇ ಕಡಿಮೆ, ಒಬ್ಬನ ಬೆರಳು ಮುರಿದರೂ ಹುಡುಗನ ಸರದಿ ಬರಬಹುದು. ಆದರೆ ಅವರೂ ವಿದೇಶಿ ಸ್ಪಿನ್ನರ್ ತರುತ್ತಾರೆ: 2024, 2025ರಲ್ಲಿ ನಾರ್ಥಾಂಪ್ಟನ್‌ಶೈರ್‌ಗೆ ಚಹಲ್ ಬಂದರು.

ಆದ್ದರಿಂದ ಎರಡೂ ಕಡೆ ಮಗನೇ ಕೇಳಲಿ, ನೀವಲ್ಲ: ನನಗಿಂತ ಮುಂದೆ ಎಷ್ಟು ಸ್ಪಿನ್ನರ್‌ಗಳು, ಅವರ ಕಾಂಟ್ರಾಕ್ಟ್ ಯಾವಾಗ ಮುಗಿಯುತ್ತದೆ? ಸ್ಪಿನ್ ಕೋಚ್ ವಾರಕ್ಕೆ ಎಷ್ಟು ದಿನ ಸಿಗುತ್ತಾರೆ? ಆಡಿಸದಿದ್ದರೆ ಬೇರೆ ಕೌಂಟಿಗೆ ಲೋನ್ ಮೇಲೆ (ತಾತ್ಕಾಲಿಕವಾಗಿ) ಕಳಿಸುತ್ತೀರಾ? ಭುಜಕ್ಕೆ ಪೆಟ್ಟಾದರೆ ಸಂಬಳ ಎಲ್ಲಿಯವರೆಗೆ? ಉತ್ತರ ಬಾಯಿಮಾತಲ್ಲಿ ಬೇಡ, ಇಮೇಲ್‌ನಲ್ಲಿ ಬರಲಿ. ಸಹಿಗೆ ಮುಂಚೆ ವೃತ್ತಿಪರ ಆಟಗಾರರ ಸಂಘದ ಸಲಹೆ ಕೇಳಿ.

ನಮ್ಮನ್ನು ಕೇಳಿದರೆ, ಸಣ್ಣ ಕೌಂಟಿಯ ಹತ್ತಿರ ಎರಡನೇ ವರ್ಷ ಕೇಳಿ ನೋಡಿ. ಕೊಟ್ಟರೆ ಅಲ್ಲೇ ಇರಲಿ, ಪಕ್ಕದಲ್ಲೇ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಓದೂ ಸಾಗೀತು. ಕೊಡದಿದ್ದರೆ, ದೊಡ್ಡ ಕೌಂಟಿ ಲೋನ್ ಮಾತನ್ನು ಬರೆದುಕೊಟ್ಟರೆ ಮಾತ್ರ ಹೋಗಲಿ. ಎರಡರಲ್ಲಿ ಯಾವುದಾದರೂ, ಈ ಚಳಿಗಾಲ ನೆಟ್‌ನಲ್ಲಿ ಬೌಲಿಂಗ್ ಮಾಡಿದಷ್ಟೇ ಹೊತ್ತು ಬ್ಯಾಟಿಂಗ್ ಕೂಡ ಮಾಡಲಿ.