ಲ್ಯಾಪ್‌ಟಾಪ್ ಮಲಗಿತ್ತು, ಸ್ಟಾಪ್‌ಲಾಸ್ ಎದ್ದಿತ್ತು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. 'ಟ್ರೇಡಿಂಗ್ ಸಾಫ್ಟ್‌ವೇರ್‌ನಲ್ಲಿ ಹೊಸ ಆಟೋ ಫೀಚರ್ ಬಂದಿದೆ ಸಾರ್, ಯಾವ ಸೆಟ್ಟಿಂಗ್ ಇಟ್ಟರೆ ಲಾಭ?' ಅದು ನನಗೆ ಗೊತ್ತಿದ್ದರೆ ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿ ಕೂತು ನಿಮಗೆ ಉತ್ತರ ಬರೆಯುತ್ತಿರಲಿಲ್ಲ. ಸ್ಟಾಪ್‌ಲಾಸ್ ಅಂದರೇನು, ಇಂಟ್ರಾಡೇ ಅಂದರೇನು ಅಂತಲೂ ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ಆಟೋ ಬಟನ್ ಮುಟ್ಟಲೇಬಾರದು. ತಿಪಟೂರಿನ ಒಬ್ಬರು ಮಾತ್ರ ಕೆಲಸಕ್ಕೆ ಬರುವ ಪ್ರಶ್ನೆ ಕೇಳಿದ್ದಾರೆ. ಅದಕ್ಕೇ ಜಾಸ್ತಿ ಜಾಗ.

500 ರೂಪಾಯಿಯಂತೆ 200 ಷೇರು ಇಂಟ್ರಾಡೇ ತಗೊಂಡೆ. ಟಾರ್ಗೆಟ್ 510, ಸ್ಟಾಪ್‌ಲಾಸ್ 495. 'ಒಂದು ಆದರೆ ಇನ್ನೊಂದು ರದ್ದು' ಅನ್ನುವ ಹೊಸ ಆಪ್ಷನ್ ಆನ್ ಮಾಡಿ ಎಪಿಎಂಸಿಗೆ ಕೊಬ್ಬರಿ ಹಾಕಲು ಹೋದೆ. 510ಕ್ಕೆ ಮಾರಾಟ ಆಯ್ತು ಅಂತ ಫೋನಿಗೆ ಮೆಸೇಜ್ ಬಂತು. 2,000 ಲಾಭ ಅಂದುಕೊಂಡೆ. ಸಂಜೆ ನೋಡಿದರೆ 400 ಕೂಡ ಇಲ್ಲ. ಬ್ರೋಕರ್ ಮೋಸ ಮಾಡಿದನಾ? — ತಿಪಟೂರು

ಇಲ್ಲ. ನಿಮ್ಮ ಆರ್ಡರ್ ಪುಸ್ತಕ, ಸಾಫ್ಟ್‌ವೇರ್‌ನ ಲಾಗ್ ಎರಡನ್ನೂ ತರಿಸಿಕೊಂಡು ನೋಡಿದೆ. 11:42ಕ್ಕೆ 510ರಲ್ಲಿ ಮಾರಾಟ. ಅದು ಸರಿ. 1:17ಕ್ಕೆ 495ರಲ್ಲಿ ಮತ್ತೊಂದು ಮಾರಾಟ. ಆಗ ನಿಮ್ಮ ಹತ್ತಿರ ಒಂದು ಷೇರೂ ಇರಲಿಲ್ಲ. ಇಂಟ್ರಾಡೇಯಲ್ಲಿ ಇಲ್ಲದ್ದನ್ನು ಮಾರಿದರೆ ಅದು ಶಾರ್ಟ್. ನಿಮ್ಮ ಖಾತೆಯಲ್ಲಿ ಮಾರ್ಜಿನ್‌ಗೆ (ಬ್ರೋಕರ್ ಹಿಡಿದಿಟ್ಟುಕೊಳ್ಳುವ ಭದ್ರತಾ ಹಣಕ್ಕೆ) ಸಾಕಾಗುವಷ್ಟು ದುಡ್ಡಿತ್ತು, ಆರ್ಡರ್ ಸಲೀಸಾಗಿ ಹೋಯ್ತು. ದಿನದ ಕೊನೆಗೆ ಬ್ರೋಕರ್‌ನ ಸಿಸ್ಟಂ ಅದನ್ನು 503ಕ್ಕೆ ವಾಪಸ್ ಕೊಂಡು ಮುಗಿಸಿದೆ. ಷೇರಿಗೆ 8 ರೂಪಾಯಿ, 200 ಷೇರಿಗೆ 1,600 ನಷ್ಟ. ಉಳಿದ 400ರಲ್ಲಿ ಬ್ರೋಕರೇಜ್, ತೆರಿಗೆ, ಅವರೇ ಮುಗಿಸಿಕೊಟ್ಟದ್ದಕ್ಕೆ ಶುಲ್ಕ.

ಹಾಗಾದರೆ ಸ್ಟಾಪ್‌ಲಾಸ್ ಯಾಕೆ ರದ್ದಾಗಲಿಲ್ಲ? ಲಾಗ್‌ನಲ್ಲಿ 11:26ಕ್ಕೆ ಒಂದು ಸಾಲಿದೆ. ಅದರ ಕೆಳಗಿನ ಸಾಲು ಸಂಜೆ 5:48ರದ್ದು. ನಡುವೆ ಖಾಲಿ. ಲ್ಯಾಪ್‌ಟಾಪ್ ಮಲಗಿತ್ತು ಸ್ವಾಮಿ! ನೀವು ಆನ್ ಮಾಡಿದ ಆಪ್ಷನ್ ಬದುಕಿರುವುದು ನಿಮ್ಮ ಮೇಜಿನ ಮೇಲಿನ ಯಂತ್ರದಲ್ಲಿ. ಎರಡು ಆರ್ಡರ್‌ಗಳು ಇದ್ದದ್ದು ಬ್ರೋಕರ್ ಹತ್ತಿರ. ಅವೆರಡೂ ಜೋಡಿ ಅಂತ ಗೊತ್ತಿದ್ದದ್ದು ನಿಮ್ಮ ಲ್ಯಾಪ್‌ಟಾಪ್‌ಗೆ ಮಾತ್ರ. ಅದು ನಿದ್ದೆ ಹೋದ ಮೇಲೆ 'ರದ್ದು ಮಾಡಿ' ಅಂತ ಹೇಳುವವರು ಯಾರು?

ಇಂಥ ಫೀಚರ್ ಬಂದಾಗ ನೀವು ಮೊದಲು ಕೇಳಬೇಕಾದ್ದು ಇದನ್ನೇ: ಈ ಜೋಡಿ ಆರ್ಡರ್ ಯಾರ ಕಂಪ್ಯೂಟರ್‌ನಲ್ಲಿ ಕೂತಿರುತ್ತದೆ? ಬ್ರೋಕರ್ ಸರ್ವರ್‌ನಲ್ಲೇ ಇಡುವ ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಅದರಲ್ಲೂ 200ರಲ್ಲಿ 120 ಮಾತ್ರ ಮಾರಾಟವಾದರೆ ಸ್ಟಾಪ್‌ಲಾಸ್ ತಾನಾಗಿ 80ಕ್ಕೆ ಇಳಿಯುತ್ತದಾ, ಕೇಳಿಕೊಳ್ಳಿ. ಇಳಿಯದಿದ್ದರೆ ಮತ್ತೆ ಇದೇ ಕಥೆ.

ನನಗೂ ಪೆಟ್ಟು ಬಿದ್ದಿದೆ. ಬೇಸಿಗೆಯ ಒಂದು ಮಧ್ಯಾಹ್ನ ಗುಡುಗು ಮಳೆ, ಕರೆಂಟ್ ಹೋಯ್ತು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇತ್ತು, ರೌಟರ್‌ಗೆ ಇರಲಿಲ್ಲ. ನನ್ನ ಪ್ರೋಗ್ರಾಂ ಆಗಷ್ಟೇ ಒಂದು ಆರ್ಡರ್ ಕಳಿಸಿತ್ತು, ಉತ್ತರ ಬರಲಿಲ್ಲ. ನೆಟ್ ಬಂದ ತಕ್ಷಣ ಅದೇ ಆರ್ಡರ್ ಮತ್ತೆ ಕಳಿಸಿತು. ಮೊದಲನೆಯದು ಹೋಗಿ ಮುಟ್ಟಿತ್ತು, ಅದರ ಉತ್ತರ ಮಾತ್ರ ನನ್ನ ತನಕ ಬಂದಿರಲಿಲ್ಲ. ಬೇಕಾದ್ದಕ್ಕಿಂತ ಎರಡರಷ್ಟು ಷೇರು ತಲೆ ಮೇಲೆ. ಆ ಪ್ರೋಗ್ರಾಂ ಬರೆದವನು ನಾನೇ, ಯಾರನ್ನು ಬೈಯಲಿ? ಆಮೇಲೆ ಒಂದು ಸಾಲು ಸೇರಿಸಿದೆ. ನೆಟ್ ಕಡಿದು ಬಂದರೆ ಮೊದಲು ಬ್ರೋಕರ್‌ನಿಂದ ಲೆಕ್ಕ ತರಿಸು, ಕೈಯಲ್ಲಿ ಎಷ್ಟಿದೆ, ಬಾಕಿ ಆರ್ಡರ್ ಯಾವುದು. ನಿನ್ನ ಲೆಕ್ಕಕ್ಕೂ ಅದಕ್ಕೂ ತಾಳೆಯಾಗದಿದ್ದರೆ ಏನೂ ಮಾಡದೆ ಸುಮ್ನೆ ನಿಲ್ಲು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಇದಿದೆಯಾ? ಇಲ್ಲದಿದ್ದರೆ ಉಳಿದ ಇಪ್ಪತ್ತು ಫೀಚರ್ ಇದ್ದೂ ಪ್ರಯೋಜನವಿಲ್ಲ.

ಇನ್ನೊಂದು ತೊಡಕಿದೆ. 'ನೆಟ್ ಹೋದರೆ ಮೊಬೈಲ್ ಹಾಟ್‌ಸ್ಪಾಟ್ ಇದೆಯಲ್ಲ' ಅಂತೀರಿ. ಷೇರುಪೇಟೆ ನಿಯಂತ್ರಕ ಸೆಬಿ 2025ರ ಫೆಬ್ರವರಿಯಲ್ಲಿ ಹೊರಡಿಸಿದ ಆಲ್ಗೋ (ತಾನಾಗಿ ಆರ್ಡರ್ ಹಾಕುವ ಪ್ರೋಗ್ರಾಂ) ಸುತ್ತೋಲೆಯ ಪ್ರಕಾರ, ಎಪಿಐ, ಅಂದರೆ ಪ್ರೋಗ್ರಾಂ ನೇರವಾಗಿ ಬ್ರೋಕರ್ ಜೊತೆ ಮಾತಾಡುವ ದಾರಿ, ಅದರ ಮೂಲಕ ಬರುವ ಆರ್ಡರ್ ನೀವು ಮೊದಲೇ ಬರೆಸಿಟ್ಟ ಸ್ಟ್ಯಾಟಿಕ್ ಐಪಿಯಿಂದಲೇ (ಬದಲಾಗದ ಇಂಟರ್ನೆಟ್ ವಿಳಾಸದಿಂದಲೇ) ಬರಬೇಕು. ಹಾಟ್‌ಸ್ಪಾಟ್‌ನ ಐಪಿ ಬೇರೆ. ನಿಮ್ಮ ಸಾಫ್ಟ್‌ವೇರ್ ಅಲ್ಲಿಂದ ಎಷ್ಟು ಕೂಗಿದರೂ ಬಾಗಿಲು ತೆರೆಯುವುದಿಲ್ಲ. ಅದಕ್ಕೆ ಬ್ರೋಕರ್‌ನ ಆ್ಯಪ್ ಫೋನಿನಲ್ಲಿ ಲಾಗಿನ್ ಆಗಿರಲಿ. 'ಮಾರಾಟ ಆಯ್ತು' ಅಂತ ಮೆಸೇಜ್ ಬಂದ ಕೂಡಲೇ ಬಾಕಿ ಆರ್ಡರ್ ನೋಡಿ ಕೈಯಿಂದಲೇ ರದ್ದು ಮಾಡಿ. ಕೊಬ್ಬರಿ ಚೀಲದ ಪಕ್ಕ ನಿಂತೇ ಮಾಡಬಹುದು, ಅರ್ಧ ನಿಮಿಷದ ಕೆಲಸ.

ರೌಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ. ಲ್ಯಾಪ್‌ಟಾಪ್‌ನ ಸ್ಲೀಪ್ ಆಫ್ ಮಾಡಿ. ಆಮೇಲೆ ಒಂದೇ ಒಂದು ಷೇರು ಕೊಂಡು ಬೇಕಂತಲೇ ರೌಟರ್ ಪ್ಲಗ್ ಕಿತ್ತು ನೋಡಿ. ಹಾಗೆ ಮೂರು ದಿನ ಕಿತ್ತು ನೋಡಿದ ಮೇಲೆ 200ರ ಮಾತು.

ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳಬಹುದಾ? — ಗುಬ್ಬಿ

ಶನಿವಾರ ಹಾಕಿ. ಅಮೆರಿಕದ ಷೇರು ವಹಿವಾಟು ಕಂಪನಿ ನೈಟ್ ಕ್ಯಾಪಿಟಲ್ 2012ರ ಆಗಸ್ಟ್ 1ರಂದು ಹೊಸ ಕೋಡ್‌ನೊಂದಿಗೆ ಮಾರುಕಟ್ಟೆಗೆ ಇಳಿಯಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಅದನ್ನು ಹಾಕಲು ಮರೆತಿದ್ದರು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ಹೋಯ್ತು.

ಬ್ಯಾಕ್‌ಟೆಸ್ಟ್‌ನಲ್ಲಿ (ಹಳೆಯ ದರಗಳ ಮೇಲೆ ಓಡಿಸಿ ನೋಡಿದಾಗ) ನೂರಕ್ಕೆ 92 ಸಲ ಗೆಲುವು. ಕೆಲಸ ಬಿಡಬಹುದಾ? — ಮಧುಗಿರಿ

ಬೇಡ.

ಟೆಲಿಗ್ರಾಂನಲ್ಲಿ ಒಬ್ಬರು ಆಪ್ಷನ್ಸ್ ಬಾಟ್ (ತಾನಾಗಿ ಟ್ರೇಡ್ ಮಾಡುವ ಪ್ರೋಗ್ರಾಂ) ಕೊಡುತ್ತಾರೆ. ತಿಂಗಳಿಗೆ ಶೇ 10 ಗ್ಯಾರಂಟಿಯಂತೆ. ಪಾಸ್‌ವರ್ಡ್ ಕೇಳುತ್ತಿದ್ದಾರೆ. — ಶಿರಾ

ಮನೆ ಬೀಗದ ಕೈ ಕೇಳಿದರೂ ಕೊಡುತ್ತೀರಾ? ಒಳಗಿನ ಲೆಕ್ಕಾಚಾರ ತೋರಿಸದ ಆಲ್ಗೋ ಕೊಡುವವನು ಸೆಬಿಯಲ್ಲಿ ರಿಸರ್ಚ್ ಅನಲಿಸ್ಟ್ ಆಗಿ ನೋಂದಾಯಿಸಿರಬೇಕು. ನೋಂದಾಯಿಸಿದ್ದರೂ ಲಾಭದ ಗ್ಯಾರಂಟಿ ಕೊಡುವಂತಿಲ್ಲ. 2024–25ರಲ್ಲಿ ಷೇರು ಡೆರಿವೇಟಿವ್ಸ್‌ನಲ್ಲಿ (ಫ್ಯೂಚರ್ಸ್, ಆಪ್ಷನ್ಸ್) ಆಡಿದ ಸಾಮಾನ್ಯ ಜನರಲ್ಲಿ ಶೇ 91ರಷ್ಟು ಮಂದಿ ಕಳೆದುಕೊಂಡರು ಅಂತ ಸೆಬಿಯೇ ಲೆಕ್ಕ ಹಾಕಿದೆ. ಗ್ಯಾರಂಟಿ ಬಾಟ್ ಇದ್ದವನು ನಿಮ್ಮ ಪಾಸ್‌ವರ್ಡ್‌ಗೆ ಕಾಯುತ್ತಾನಾ?

ಕ್ರಿಕೆಟ್ ಬೆಟ್ಟಿಂಗ್ ಎಕ್ಸ್‌ಚೇಂಜ್‌ಗೂ ಬಾಟ್ ಇದೆಯಂತೆ. ಎರಡೂ ಕಡೆ ಹಾಕಿ ಲಾಭ ಕಟ್ಟಿಕೊಳ್ಳುತ್ತದಂತೆ. — ಹೆಸರು ಬೇಡ, ತುಮಕೂರು

ಇಂಗ್ಲೆಂಡಿನಲ್ಲಿದೆ. 2000ರಲ್ಲಿ ಶುರುವಾದ ಬೆಟ್‌ಫೇರ್‌ನಲ್ಲಿ ಗೆಲ್ಲುತ್ತದೆ ಅಂತಲೂ ಹಾಕಬಹುದು, ಗೆಲ್ಲುವುದಿಲ್ಲ ಅಂತಲೂ ಹಾಕಬಹುದು. ಬಾಟ್‌ಗೆ ಅಲ್ಲಿ ಎಪಿಐ ಇದೆ, ಎದುರಿಗೆ ನಿಜವಾದ ಜನರ ದುಡ್ಡಿದೆ. ನಮ್ಮಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿ 2025ರಲ್ಲಿ ಸಂಸತ್ತು ಕಾನೂನು ಮಾಡಿದೆ. ನಿಮಗೆ ಏಜೆಂಟ್ ಕೊಟ್ಟ ಐಡಿಯಲ್ಲಿ ದರ ಹಾಕುವವನು ಯಾರು, ಗೆದ್ದರೆ ದುಡ್ಡು ಕೊಡುವವನು ಯಾರು, ನಿಮಗೇ ಗೊತ್ತಿಲ್ಲ. ಹೆಸರು ಬೇಡ ಅಂದಿರಲ್ಲ, ಉತ್ತರ ನಿಮಗೇ ಗೊತ್ತಿತ್ತು ಅಲ್ವಾ?

ನನ್ನ ಆಲ್ಗೋವನ್ನು ಹೆಂಡತಿ ಮತ್ತು ಭಾವಮೈದುನನ ಖಾತೆಗೂ ಓಡಿಸಬಹುದಾ? — ಕುಣಿಗಲ್

ನೀವೇ ಬರೆದದ್ದಾದರೆ ನೀವು, ಹೆಂಡತಿ, ನಿಮ್ಮನ್ನೇ ನಂಬಿಕೊಂಡಿರುವ ಮಕ್ಕಳು, ಅಪ್ಪ ಅಮ್ಮ. ಸುತ್ತೋಲೆಯಲ್ಲಿ ಕುಟುಂಬ ಅಂದರೆ ಅಷ್ಟೇ. ಭಾವಮೈದುನ ಪಟ್ಟಿಯಲ್ಲಿಲ್ಲ. ಇದನ್ನು ಮನೆಯಲ್ಲಿ ಹೇಳುವ ಕೆಲಸ ನಿಮ್ಮದು.